ಗುಳಿಗೆಯ ತಪ್ಪೇ, ಹೇಳದವರ ತಪ್ಪೇ?

ಮಳೆಗಾಲಕ್ಕೆ ಮುನ್ನ ನಮ್ಮ ಬಳಗವು ಹಳ್ಳಿಯ ಶಾಲೆಯೊಂದರಲ್ಲಿ ವಿಷಮುಕ್ತ ಕೃಷಿಯನ್ನು ಕುರಿತು ಸಭೆ ನಡೆಸಿತು. ಅಡಿಕೆ ತೋಟಕ್ಕೆ ಹೊಡೆಯುವ ಕಳೆನಾಶಕ, ಕಾಫಿ ತೋಟದ ಕೀಟನಾಶಕ, ಹಳ್ಳಕ್ಕೆ ಸೇರುವ ಪಲ್ಪಿಂಗ್ ನೀರು ಹೀಗೆ ಚರ್ಚೆ ಸಾಗಿತ್ತು. ಕೊನೆಯಲ್ಲಿ ಮಾತಿಗೆ ನಿಂತ ನಮ್ಮದೇ ಹಿರಿಯ ಒಡನಾಡಿಯೊಬ್ಬರು, ಹೆಂಗಸರು ನುಂಗುವ ಗರ್ಭನಿರೋಧಕ ಗುಳಿಗೆಯೂ ಇದೇ ಜಾತಿಯ ವಿಷವೆಂದೂ, ಮನೆಯಲ್ಲಿದ್ದರೆ ಅದನ್ನು ಇಂದೇ ಒಲೆಗೆ ಹಾಕಬೇಕೆಂದೂ ಕರೆ ಕೊಟ್ಟರು. ಗಂಡಸರು ಚಪ್ಪಾಳೆ ತಟ್ಟಿದರು. ಸಭೆ ಮುಗಿದು ಚಹಾ ಕುಡಿಯುವಾಗ, ಎರಡು ಮಕ್ಕಳ ತಾಯಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು. ಸೆರಗಿನ ಮರೆಯಲ್ಲಿ ಅರ್ಧ ಖಾಲಿಯಾದ ಗುಳಿಗೆ ಪಟ್ಟಿ. "ಅಕ್ಕಾ, ಇದನ್ನ ಇವತ್ತೇ ಬಿಟ್ಬಿಡ್ಲಾ? ಬಿಟ್ರೆ ಮುಂದೆ ಏನ್ ಮಾಡ್ಲಿ?" ಎಂದು ಕೇಳಿದಳು.

ಆಕೆಯ ಮೊದಲನೆಯ ಪ್ರಶ್ನೆಗೆ ನಮ್ಮ ಹಿರಿಯರು ವೇದಿಕೆಯ ಮೇಲಿಂದಲೇ ಉತ್ತರ ಕೊಟ್ಟಿದ್ದರು. ಎರಡನೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅಂಥದೊಂದು ಪ್ರಶ್ನೆ ಇದೆಯೆಂಬುದೇ ಅವರಿಗೆ ಹೊಳೆದಿರಲಿಲ್ಲ. ಈ ಲೇಖನ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ನಾನು ವೈದ್ಯಳಲ್ಲ, ಕೃಷಿ ವಿಜ್ಞಾನದ ವಿದ್ಯಾರ್ಥಿನಿ. ಆದರೆ ಯಾವ ರಾಸಾಯನಿಕವನ್ನು ಯಾರು, ಎಷ್ಟು, ಏನು ತಿಳಿದುಕೊಂಡು ಬಳಸುತ್ತಾರೆ ಎಂಬುದನ್ನು ವಿಚಾರಿಸುವುದೇ ನನ್ನ ವೃತ್ತಿಯಾದುದರಿಂದ ಮೌನವಾಗಿರುವುದು ಸರಿಯೆನಿಸಲಿಲ್ಲ.

ಅಡ್ಡಪರಿಣಾಮ ಸುಳ್ಳಲ್ಲ

ಗುಳಿಗೆಗೆ ಅಡ್ಡಪರಿಣಾಮವೇ ಇಲ್ಲವೆಂದು ಹೇಳುವವರ ಪಕ್ಷ ನನ್ನದಲ್ಲ. ಇದರ ಚರಿತ್ರೆಯೇ ಅದಕ್ಕೆ ಸಾಕ್ಷಿ. 1956ರಲ್ಲಿ ಅಮೆರಿಕದ ಅಧೀನದಲ್ಲಿದ್ದ ಪೋರ್ಟೊರಿಕೊ ದ್ವೀಪದ ಬಡ ಸ್ತ್ರೀಯರ ಮೇಲೆ ಈ ಗುಳಿಗೆಯ ದೊಡ್ಡ ಪ್ರಯೋಗ ಆರಂಭವಾಯಿತು. ತಾವು ಸೇವಿಸುತ್ತಿರುವುದು ಇನ್ನೂ ಪರೀಕ್ಷೆಯಲ್ಲಿರುವ ಔಷಧವೆಂಬುದು ಅವರಿಗೆ ತಿಳಿದಿರಲಿಲ್ಲ. ನೂರಕ್ಕೆ 17 ಮಂದಿಯಲ್ಲಿ ವಾಕರಿಕೆ, ತಲೆಸುತ್ತು, ತಲೆನೋವು, ವಾಂತಿ ಕಾಣಿಸಿಕೊಂಡಿವೆ ಎಂದು ಅಲ್ಲಿನ ಉಸ್ತುವಾರಿ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಮಾಡಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. 1960ರಲ್ಲಿ ಅಮೆರಿಕದಲ್ಲಿ ಆ ಗುಳಿಗೆಗೆ ಗರ್ಭನಿರೋಧಕವಾಗಿ ಅನುಮತಿ ದೊರೆಯಿತು. 1969ರಲ್ಲಿ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಅದರ ಅಪಾಯಗಳನ್ನು ಪುಸ್ತಕವಾಗಿ ಹೊರತಂದರು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿದಾಗ, ಗುಳಿಗೆ ಸೇವಿಸಿದ ಒಬ್ಬ ಹೆಂಗಸನ್ನೂ ಸಾಕ್ಷ್ಯಕ್ಕೆ ಕರೆದಿಲ್ಲವೇಕೆ ಎಂದು ಯುವತಿಯರು ಸಭಾಂಗಣದಲ್ಲೇ ಎದ್ದು ಕೂಗಿದರು. ಗುಳಿಗೆಯೊಂದಿಗೆ ಅಪಾಯಗಳನ್ನು ತಿಳಿಸುವ ಚೀಟಿ ಇರಬೇಕೆಂಬ ನಿಯಮ ಬಂದದ್ದು ಆ ಗಲಾಟೆಯಿಂದ.

ಮೊದಲ ಗುಳಿಗೆಯಲ್ಲಿ ಈಸ್ಟ್ರೋಜನ್ ಅಂಶ 150 ಮೈಕ್ರೋಗ್ರಾಂನಷ್ಟಿತ್ತು. ಇಂದು ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಸಿಗುವ ಮಾಲಾ-ಎನ್ ಗುಳಿಗೆಯಲ್ಲಿ ಈಸ್ಟ್ರೋಜನ್ 30 ಮೈಕ್ರೋಗ್ರಾಂ ಮಾತ್ರ. ಜೊತೆಗೆ ಲೆವೊನಾರ್ಜೆಸ್ಟ್ರೆಲ್ 150 ಮೈಕ್ರೋಗ್ರಾಂ ಇರುತ್ತದೆ. ಪ್ರಮಾಣ ಇಳಿಯುವುದಕ್ಕೆ, ಎಚ್ಚರಿಕೆಯ ಚೀಟಿ ಬರುವುದಕ್ಕೆ ಕಾರಣವಾದದ್ದು ಪ್ರಶ್ನೆ ಕೇಳಿದ ಸ್ತ್ರೀಯರು. ಗುಳಿಗೆಯನ್ನು ಒಲೆಗೆ ಹಾಕಿದವರಲ್ಲ.

ನಮ್ಮ ದೇಶದಲ್ಲೂ ಇಂಥ ಪ್ರಶ್ನೆ ಎದ್ದಿದೆ. 1985ರಲ್ಲಿ ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಹಳ್ಳಿಯ ಸ್ತ್ರೀಯರನ್ನು ಸರಿಯಾದ ವಿವರಣೆಯಿಲ್ಲದೆ ಕರೆತಂದದ್ದನ್ನು ಮಹಿಳಾ ಸಂಘಟನೆಗಳು ಬಯಲಿಗೆಳೆದವು. 1986ರಲ್ಲಿ ಸ್ತ್ರೀ ಶಕ್ತಿ ಸಂಘಟನ, ಸಹೇಲಿ ಮೊದಲಾದ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಅವರು ಬೇಡಿದ್ದು ಮಾಹಿತಿ, ಒಪ್ಪಿಗೆ ಮತ್ತು ಉತ್ತರದಾಯಿತ್ವವನ್ನು. ನಮ್ಮ ವೇದಿಕೆಯ ಭಾಷಣದಲ್ಲಿ ಈ ಮೂರೂ ಇರಲಿಲ್ಲ.

ಯಾರಿಗೆ ಆಗದು, ಯಾರಿಗೆ ಆದೀತು

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿವೆ. 21 ಹಾರ್ಮೋನಿನವು, ಬೇರೆ ಬಣ್ಣದ 7 ಕಬ್ಬಿಣಾಂಶದವು. ಮೊದಲ ಎರಡು ಮೂರು ತಿಂಗಳು ವಾಕರಿಕೆ, ಸ್ತನಗಳಲ್ಲಿ ನೋವು, ನಡುನಡುವೆ ರಕ್ತದ ಕಲೆ ಕಾಣುವುದು, ತಲೆನೋವು ಇವು ಸಾಮಾನ್ಯ. ಹೆಚ್ಚಿನವರಲ್ಲಿ ಕ್ರಮೇಣ ತಗ್ಗುತ್ತವೆ. ರಾತ್ರಿ ಊಟದ ನಂತರ ನುಂಗಿದರೆ ವಾಕರಿಕೆ ಕಡಿಮೆ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಬೇಕು. ಸತತ ಎರಡು ಅಥವಾ ಹೆಚ್ಚು ದಿನ ತಪ್ಪಿದರೆ ಗುಳಿಗೆಯನ್ನು ಮುಂದುವರಿಸುತ್ತಲೇ ಏಳು ದಿನ ನಿರೋಧ್ ಬಳಸಬೇಕು.

ಗಂಭೀರ ಅಪಾಯವೆಂದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಇದನ್ನು ಹೆದರಿಸುವುದಕ್ಕಲ್ಲ, ಅಳೆಯುವುದಕ್ಕೆ ಅಂಕಿಗಳಲ್ಲಿ ನೋಡೋಣ. ಗುಳಿಗೆ ಸೇವಿಸದ, ಬಸುರಿಯೂ ಅಲ್ಲದ 10,000 ಸ್ತ್ರೀಯರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾಗಬಹುದು. ಈ ಬಗೆಯ ಗುಳಿಗೆ ಸೇವಿಸುವವರಲ್ಲಿ ಇದು 3ರಿಂದ 9. ಗರ್ಭಿಣಿಯರಲ್ಲಿ 5ರಿಂದ 20. ಹೆರಿಗೆಯ ನಂತರದ ಮೊದಲ ಹನ್ನೆರಡು ವಾರಗಳಲ್ಲಿ ಇದೇ ಲೆಕ್ಕದಲ್ಲಿ 40ರಿಂದ 65. ಹೀಗಾಗಿ ಗುಳಿಗೆಯ ಅಪಾಯವನ್ನು ಮಾತ್ರ ಹೇಳಿ, ಬೇಡದ ಬಸುರಿನ ಅಪಾಯವನ್ನು ಮುಚ್ಚಿಡುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರು ಗುಳಿಗೆ ಬಳಸಿದವರಲ್ಲಿ ಕಡಿಮೆ. ಸ್ತನ ಕ್ಯಾನ್ಸರಿನ ಸಂಭವ ಬಳಸುವ ಕಾಲದಲ್ಲಿ ಸ್ವಲ್ಪ ಹೆಚ್ಚು. ಎರಡೂ ನಿಜ, ಎರಡನ್ನೂ ಹೇಳಬೇಕು.

ಆದರೆ ಈ ಸರಾಸರಿ ಲೆಕ್ಕ ಎಲ್ಲರಿಗೂ ಅನ್ವಯಿಸದು. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲಿರುವವರು, ಕಣ್ಣೆದುರು ಮಿಂಚಿದಂತಾಗಿ ಅರೆತಲೆನೋವು ಬರುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ತೀವ್ರ ಕಾಯಿಲೆಯುಳ್ಳವರು, ಸ್ತನ ಕ್ಯಾನ್ಸರ್ ಇರುವವರು, 35 ದಾಟಿದ ಧೂಮಪಾನಿಗಳು, ಇವರಿಗೆ ಈ ಗುಳಿಗೆ ತಕ್ಕುದಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ, ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ನುಂಗುವವರಲ್ಲಿ ಗುಳಿಗೆಯ ಶಕ್ತಿಯೇ ಕುಂದುತ್ತದೆ. ಗುಳಿಗೆ ನುಂಗುವವರಿಗೆ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಉಸಿರು ಕಟ್ಟುವುದು, ಹಠಾತ್ತನೆ ಕಣ್ಣು ಮಂಜಾಗುವುದು, ಹಿಂದೆಂದೂ ಕಾಣದ ತಲೆನೋವು ಬಂದರೆ ಕೂಡಲೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಬಾಣಂತಿಯರ ವಿಷಯವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. 2009ರಲ್ಲಿ ನನ್ನ ಮಗಳಿಗೆ ಮೂರು ತಿಂಗಳಾಗಿದ್ದಾಗ ಚಿಕಿತ್ಸಾಲಯವೊಂದರಲ್ಲಿ ನನಗೆ ಇದೇ ಬಗೆಯ ಗುಳಿಗೆ ಕೊಟ್ಟರು. ಹಾಲೂಡಿಸುತ್ತಿದ್ದೀರಾ ಎಂದು ಕೇಳಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಲಿಲ್ಲ. ಕೆಲವೇ ವಾರಗಳಲ್ಲಿ ಎದೆಹಾಲು ಇಳಿಯಿತು. ನೀರು ಕಡಿಮೆ ಕುಡಿದೆ, ಪಥ್ಯ ತಪ್ಪಿದೆ ಎಂದು ಮನೆಯವರು ನನ್ನನ್ನೇ ದೂರಿದರು. ಈಸ್ಟ್ರೋಜನ್ ಎದೆಹಾಲನ್ನು ಕುಗ್ಗಿಸಬಲ್ಲದು, ಹಾಲೂಡಿಸುವ ತಾಯಿ ಹೆರಿಗೆಯಾದ ಆರು ವಾರದೊಳಗೆ ಅದನ್ನು ಸೇವಿಸಲೇಬಾರದು, ಆರು ತಿಂಗಳವರೆಗೂ ಸಾಮಾನ್ಯವಾಗಿ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿದೆ. ಡಾಕ್ಟರೇಟ್ ಪಡೆದ ನಾನೂ ಅದನ್ನು ಓದಿದ್ದು ಹಾಲು ಇಳಿದ ಮೇಲೆ. ಅಂದು ನನಗೆ ಕೇಡು ಮಾಡಿದ್ದು ಗುಳಿಗೆಯೊಂದೇ ಅಲ್ಲ. ಎರಡು ನಿಮಿಷದ ಮಾತು ಉಳಿಸಿಕೊಂಡವರ ಪಾಲೂ ಅದರಲ್ಲಿದೆ.

ನಮ್ಮ ಸೀಮೆಯ ಯಾವ ಅಡಿಕೆ ಬೆಳೆಗಾರನನ್ನಾದರೂ ಕೇಳಿ ನೋಡಿ. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಹೆಚ್ಚಾದರೆ ಹಿಂಗಾರ ಸುಡುತ್ತದೆ, ಕಡಿಮೆಯಾದರೆ ಕೊಳೆ ನಿಲ್ಲದು ಎಂದು ಆತನಿಗೆ ಗೊತ್ತು. ಅದೇ ಮನೆಯ ಹೆಂಡತಿ ದಿನವೂ ನುಂಗುವ ಗುಳಿಗೆಯಲ್ಲಿ ಏನಿದೆಯೆಂದು ಆತನಿಗೂ ತಿಳಿದಿಲ್ಲ, ಆಕೆಗೂ ತಿಳಿದಿಲ್ಲ. ಅಡಿಕೆಗೆ ಸಿಕ್ಕ ವಿಸ್ತರಣಾ ಶಿಕ್ಷಣ ಅಡಿಕೆ ಸುಲಿಯುವವಳಿಗೆ ಸಿಗಲಿಲ್ಲ.

ದುಬಾರಿಯೆಲ್ಲ ಸುರಕ್ಷಿತವಲ್ಲ, ಗಿಡಮೂಲಿಕೆಯೆಲ್ಲ ಸೌಮ್ಯವಲ್ಲ

ಇನ್ನೆರಡು ಭ್ರಮೆಗಳನ್ನು ಇಲ್ಲಿಯೇ ಬಿಡಿಸಬೇಕು. ಮೊದಲನೆಯದು, ಸರ್ಕಾರದ ಪುಕ್ಕಟೆ ಗುಳಿಗೆ ಕೀಳು, ಔಷಧದಂಗಡಿಯ ದುಬಾರಿ ಗುಳಿಗೆ ಮೇಲು ಎಂಬುದು. ಮುಖದ ಮೊಡವೆಗೂ ಒಳ್ಳೆಯದೆಂದು ಪಟ್ಟಣದ ಹುಡುಗಿಯರಿಗೆ ಬರೆದುಕೊಡುವ ಡ್ರೋಸ್ಪಿರಿನೋನ್ ಇರುವ ಗುಳಿಗೆಗಳ ಬೆಲೆ ಬಡ ಮನೆಗೆ ಎಟುಕುವಂಥದಲ್ಲ. ಆದರೆ ಇವುಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಹಳೆಯ ಲೆವೊನಾರ್ಜೆಸ್ಟ್ರೆಲ್ ಗುಳಿಗೆಗಳಿಗಿಂತ ಹೆಚ್ಚಿರಬಹುದೆಂದು 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚೀಟಿಯಲ್ಲೇ ಬರೆಸಿತು. ಮಾಲಾ-ಎನ್ ಆ ಹಳೆಯ ಬಗೆಯದು. ಹಣ ತೆತ್ತವರೇ ಹೆಚ್ಚು ಅಪಾಯವನ್ನೂ ಕೊಂಡುಕೊಳ್ಳುವ ವಿಚಿತ್ರವಿದು.

ಎರಡನೆಯದು ನಮ್ಮ ಬಳಗದೊಳಗಿನ ಭ್ರಮೆ. ರಾಸಾಯನಿಕ ಬೇಡ, ಪರಂಗಿ ಬೀಜ ತಿನ್ನಿ, ಇಂಥ ಬೇರಿನ ಕಷಾಯ ಕುಡಿಯಿರಿ ಎಂದು ಉಪದೇಶಿಸುವವರಿದ್ದಾರೆ. ಗಿಡಮೂಲಿಕೆಯ ಮೇಲೆ ನನಗೆ ಗೌರವವಿದೆ, ಆದ್ದರಿಂದಲೇ ಈ ಮಾತು. ಒಂದೇ ಜಾತಿಯ ಗಿಡದ ಸತ್ವಾಂಶವು ಮಣ್ಣು, ಮಳೆ, ಋತು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಳತೆ ಗೊತ್ತಿಲ್ಲದ, ಸ್ತ್ರೀಯರಲ್ಲಿ ಪರೀಕ್ಷೆಗೊಳಪಡದ ಬೀಜವನ್ನು ನಂಬಿ ಬಸುರಾದವಳು ಕೊನೆಗೆ ಹೋಗುವುದು ನಕಲಿ ವೈದ್ಯನ ಬಾಗಿಲಿಗೆ. ಅಲ್ಲದೆ ಗುಳಿಗೆಯೂ ಮೂಲತಃ ಗೆಡ್ಡೆಯಿಂದ ಹುಟ್ಟಿದ್ದೇ. 1951ರಲ್ಲಿ ಮೆಕ್ಸಿಕೋದ ಪ್ರಯೋಗಾಲಯದಲ್ಲಿ ಮೊದಲ ಗರ್ಭನಿರೋಧಕ ಹಾರ್ಮೋನುಗಳಲ್ಲೊಂದು ತಯಾರಾದದ್ದು ಅಲ್ಲಿನ ಕಾಡುಗೆಣಸಿನ ಡಯಾಸ್ಜೆನಿನ್ ಎಂಬ ವಸ್ತುವನ್ನು ಆಧರಿಸಿ. ಅದೇ ವಸ್ತುವಿಗಾಗಿ ನಮ್ಮ ಹಿಮಾಲಯದ ಡಯಾಸ್ಕೋರಿಯಾ ಡೆಲ್ಟಾಯ್ಡಿಯ ಗೆಣಸನ್ನು ಅಗೆದು ಅಗೆದು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹೇರಬೇಕಾಯಿತು. ಹೀಗಿರುವಾಗ ಗಿಡದ್ದೆಲ್ಲ ಸೌಮ್ಯ, ಗುಳಿಗೆಯೆಲ್ಲ ಕ್ರೂರ ಎಂಬ ವಿಂಗಡಣೆ ನಿಲ್ಲದು.

ಔಷಧವೇ ಬೇಡವೆನ್ನುವವರಿಗೆ ದಿನಗಳ ಲೆಕ್ಕದ ವಿಧಾನವೊಂದಿದೆ. ಮುಟ್ಟು 26ರಿಂದ 32 ದಿನಗಳೊಳಗೆ ತಪ್ಪದೆ ಬರುವವರು, ಮುಟ್ಟಾದ ಮೊದಲ ದಿನದಿಂದ ಎಣಿಸಿ 8ರಿಂದ 19ನೆಯ ದಿನದವರೆಗೆ ದೂರವಿರಬೇಕು ಅಥವಾ ನಿರೋಧ್ ಬಳಸಬೇಕು. ಮುಟ್ಟು ಏರುಪೇರಾಗುವವರಿಗೆ ಇದು ಸಲ್ಲದು. ಗಂಡ ಆ ಹನ್ನೆರಡು ದಿನ ಮಾತು ಕೇಳುವವನಾಗಿರಬೇಕು ಎಂಬುದು ಇದರ ಮುಖ್ಯ ನಿಬಂಧನೆ. ಅಂಥ ಗಂಡ ಎಲ್ಲರಿಗೂ ಇದ್ದಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಕೈಗೆಟಕುವ ದಾರಿಗಳು

ಬಿಟ್ಟರೆ ಮುಂದೇನು ಎಂಬ ಪ್ರಶ್ನೆಗೆ ಬರೋಣ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಣ ತೆರದೆ ದೊರೆಯಬೇಕಾದ ದಾರಿಗಳು ಒಂದಲ್ಲ, ಹಲವು.

ಮೊದಲನೆಯದು ಛಾಯಾ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಈ ಗುಳಿಗೆ 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 2016ರಲ್ಲಿ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. ಇದರಲ್ಲಿ ಸ್ಟಿರಾಯ್ಡ್ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಅಂದರೆ ಭಾನುವಾರ ಆರಂಭಿಸಿದವರು ಭಾನುವಾರ ಮತ್ತು ಬುಧವಾರ, ಅನಂತರ ಭಾನುವಾರ ಮಾತ್ರ. ಹಾಲೂಡಿಸುವ ತಾಯಂದಿರೂ ಸೇವಿಸಬಹುದು. ಕೆಲವರಲ್ಲಿ ಮುಟ್ಟು ತಡವಾಗುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಬಸುರಾದೆನೆಂದು ಹೆದರಿ ಬಿಟ್ಟುಬಿಡುತ್ತಾರೆ. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ ಇರುವವರಿಗೆ, ಕಾಮಾಲೆ ಅಥವಾ ಯಕೃತ್ತಿನ ಕಾಯಿಲೆಯವರಿಗೆ ಇದು ಬೇಡ. ನಮ್ಮ ದೇಶದ ವಿಜ್ಞಾನಿಗಳೇ ಕೊಟ್ಟ ಈ ಗುಳಿಗೆಯ ಹೆಸರು ನಾನು ವಿಚಾರಿಸಿದ ಮನೆಗಳಲ್ಲಿ ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ.

ಎರಡನೆಯದು ಕಾಪರ್-ಟಿ, ಅಂದರೆ ವಂಕಿ. ಮೈಲುತುತ್ತದ ತಾಮ್ರ ಕೊಳೆರೋಗದ ಶಿಲೀಂಧ್ರವನ್ನು ಹೇಗೆ ತಡೆಯುವುದೋ ಹಾಗೆ ಇಲ್ಲಿನ ತಾಮ್ರವು ವೀರ್ಯಾಣುವನ್ನು ನಿಷ್ಕ್ರಿಯಗೊಳಿಸುತ್ತದೆ. ಹಾರ್ಮೋನು ಇಲ್ಲ. 380-ಎ ಎಂಬುದು ಹತ್ತು ವರ್ಷ, 375 ಎಂಬುದು ಐದು ವರ್ಷ ಕೆಲಸ ಮಾಡುತ್ತದೆ, ಬೇಕಾದಾಗ ತೆಗೆಸಬಹುದು. ಆದರೆ ಮುಟ್ಟಿನ ರಕ್ತಸ್ರಾವ ಮತ್ತು ಹೊಟ್ಟೆನೋವು ಹೆಚ್ಚಬಹುದು. ಮೊದಲೇ ರಕ್ತಹೀನತೆಯಿಂದ ಬಳಲುವ ನಮ್ಮ ಕೂಲಿ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಹಿಮೋಗ್ಲೋಬಿನ್ ನೋಡದೆ ವಂಕಿ ಹಾಕುವುದು ತಪ್ಪು.

ಮೂರನೆಯದು ‘ಅಂತರಾ’ ಚುಚ್ಚುಮದ್ದು. 2017ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂದ ಇದನ್ನು ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳಬೇಕು. ಗಂಡನಿಗೂ ಅತ್ತೆಗೂ ತಿಳಿಯದಂತೆ ಬಳಸಬಹುದೆಂಬ ಕಾರಣಕ್ಕೆ ಕೆಲವರಿಗೆ ಇದು ವರವೇ. ಆದರೆ ಚುಚ್ಚಿದ್ದನ್ನು ಹಿಂದೆ ತೆಗೆಯಲಾಗದು. ಮುಟ್ಟು ಅಸ್ತವ್ಯಸ್ತವಾಗುತ್ತದೆ, ನಿಲ್ಲಿಸಿದ ಮೇಲೆ ಬಸುರು ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ದೀರ್ಘಕಾಲದ ಬಳಕೆಯಿಂದ ಮೂಳೆಯ ಸಾಂದ್ರತೆ ತಗ್ಗುವುದೆಂದು 2004ರಲ್ಲೇ ಅಮೆರಿಕದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಟಿತು. ಇದನ್ನೆಲ್ಲ ಕೇಳಿದ ಮೇಲೂ ಬೇಕೆನ್ನುವವಳು ತೆಗೆದುಕೊಳ್ಳಲಿ, ಕೇಳಿಸದೆ ಚುಚ್ಚುವುದು ಅನ್ಯಾಯ.

ನಾಲ್ಕನೆಯದು ನಿರೋಧ್. ರೋಗವನ್ನೂ ಬಸುರನ್ನೂ ಒಟ್ಟಿಗೆ ತಡೆಯುವ ಸಾಧನ ಇದೊಂದೇ. 2011ರಲ್ಲಿ ಆರಂಭವಾದ ಮನೆಬಾಗಿಲ ವಿತರಣೆಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಮೂರು ನಿರೋಧ್‌ಗೆ 1 ರೂಪಾಯಿ, ಒಂದು ತಿಂಗಳ ಗುಳಿಗೆ ಪಟ್ಟಿಗೆ 1 ರೂಪಾಯಿ ಎಂದು ದರ ನಿಗದಿಯಾಯಿತು. ಹೀಗಾಗಿ ದರಕ್ಕಿಂತ ದೊಡ್ಡ ತೊಡಕು ದೂರ ಮತ್ತು ನಾಚಿಕೆ.

ಇನ್ನು 72 ಗಂಟೆಯೊಳಗಿನ ತುರ್ತು ಗುಳಿಗೆ. 2005ರಿಂದ ಇದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಲು ಅವಕಾಶ ದೊರೆಯಿತು. ಹಾಸ್ಟೆಲಿನ ವಿದ್ಯಾರ್ಥಿನಿಯರು ಇದನ್ನೇ ತಿಂಗಳ ರೂಢಿ ಮಾಡಿಕೊಂಡಿರುವುದನ್ನು ಕಂಡಿದ್ದೇನೆ. ಇದು ಆಪತ್ಕಾಲಕ್ಕೆ ಮಾತ್ರ. ಎಷ್ಟು ಬೇಗ ನುಂಗಿದರೆ ಅಷ್ಟು ಫಲ, ಮತ್ತೆ ಮತ್ತೆ ನುಂಗಿದರೆ ಮುಟ್ಟು ಕೆಡುತ್ತದೆ, ನಿತ್ಯದ ವಿಧಾನದಷ್ಟು ರಕ್ಷಣೆಯೂ ಇಲ್ಲ. ಆ ಹುಡುಗಿಯರನ್ನು ಬೈಯುವ ಮುನ್ನ, ಅವರಿಗೆ ಬೇರೆ ದಾರಿ ಹೇಳಿದವರು ಯಾರು ಎಂದು ಕೇಳಿಕೊಳ್ಳೋಣ.

ಗಂಡಸರು ಎಲ್ಲಿದ್ದಾರೆ?

ಕೊನೆಯ ದಾರಿ ಶಸ್ತ್ರಚಿಕಿತ್ಸೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ 37.9ರಷ್ಟು ಸ್ತ್ರೀ ಸಂತಾನಹರಣ ಚಿಕಿತ್ಸೆಯನ್ನು ಅವಲಂಬಿಸಿದ್ದಾರೆ. ಪುರುಷರ ಚಿಕಿತ್ಸೆ 0.3. ಕರ್ನಾಟಕದಲ್ಲಿ ಸ್ತ್ರೀಯರ ಪಾಲು ಅರ್ಧಕ್ಕಿಂತ ಹೆಚ್ಚು, ಗಂಡಸರದು ಸೊನ್ನೆಗೆ ಸಮ. ಹೆಂಗಸಿನ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕು. ಗಂಡಸಿನ ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿಗೆ ಚಾಕುವಿನ ಕೊಯ್ತವಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಬರಬಹುದು. ಗಂಡಸುತನಕ್ಕೆ ಕುಂದಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಮುಗಿಯಿತು.

1976-77ರ ತುರ್ತುಪರಿಸ್ಥಿತಿಯ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು, ಬಹುಪಾಲು ಗಂಡಸರಿಗೆ, ಅನೇಕ ಕಡೆ ಬಲವಂತದಿಂದ. ಆ ಕ್ರೌರ್ಯ ಖಂಡನೀಯವೇ. ಆದರೆ ಆ ಬಳಿಕ ಸರ್ಕಾರ ಗಂಡಸರನ್ನು ಬಿಟ್ಟು ಹೆಂಗಸರ ಕಡೆ ತಿರುಗಿದ್ದಕ್ಕೆ ಯಾರೂ ಮರುಗಲಿಲ್ಲ. ಅದರ ಫಲವನ್ನು 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಕಂಡೆವು. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಸ್ತ್ರೀಯರಿಗೆ ಆಪರೇಷನ್ ಮಾಡಲಾಯಿತು. ಹತ್ತಕ್ಕೂ ಹೆಚ್ಚು ತಾಯಂದಿರು ಮಡಿದರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಬೇಕಾಯಿತು.

1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಾಡನ್ನು ಉಳಿಸಿದ ಕಥೆಯನ್ನು ನಾವು ಪ್ರತಿ ಸಭೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಅಪ್ಪಿಕೋ ನೆಲದ ಗಂಡಸರೇ, ನಿಮ್ಮ ಹೆಂಡತಿಯ ದೇಹವನ್ನು ಕತ್ತರಿಯಿಂದ ಉಳಿಸಲು ಅರ್ಧ ದಿನದ ರಜೆ ಹಾಕುವ ಧೈರ್ಯ ನಿಮ್ಮಲ್ಲಿ ಎಷ್ಟು ಜನಕ್ಕಿದೆ? ಗುಳಿಗೆಯನ್ನು ವಿಷವೆಂದಾಗ ಚಪ್ಪಾಳೆ ತಟ್ಟಿದ ಕೈಗಳನ್ನು ಕೇಳುತ್ತಿದ್ದೇನೆ.

ಕಾಡಿನ ಹೊರೆ ಆಕೆಯ ಮೇಲೆ ಬೇಡ

ಇದೇ ವೇದಿಕೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: ಜನಸಂಖ್ಯೆಯೇ ಕಾಡಿನ ಶತ್ರು, ಬಡವರು ಹೆತ್ತು ಹೆತ್ತು ಕಾಡು ಹೋಯಿತು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀ ಹೆರುವ ಮಕ್ಕಳ ಸರಾಸರಿ 1.7. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಕಾಡನ್ನು ಮುಳುಗಿಸಿದ್ದು ಹೆಂಗಸರು ಹೆತ್ತಿದ್ದರಿಂದಲ್ಲ. 2005ರ ಕೊನೆಯವರೆಗೆ ಕುದುರೆಮುಖದ ಬೆಟ್ಟವನ್ನು ಅಗೆದದ್ದು, ಸಹಜ ಕಾಡು ಮತ್ತು ಹುಲ್ಲುಗಾವಲಿನ ಜಾಗದಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟದ್ದು ಯಾವ ಬಾಣಂತಿಯ ತೀರ್ಮಾನವೂ ಅಲ್ಲ. ಗರ್ಭನಿರೋಧವು ಆಕೆಯ ಆರೋಗ್ಯದ, ಆಕೆಯ ಬದುಕಿನ ವಿಷಯ. ಕಾಡು ಉಳಿಸುವ ಗುರಿಪಟ್ಟಿಯಲ್ಲ.

ಗುಳಿಗೆಯ ಹಾರ್ಮೋನು ಹೊಳೆಯನ್ನು ಕೆಡಿಸುವುದಿಲ್ಲವೇ ಎಂದು ಓದಿಕೊಂಡ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದದ್ದೇ. ಕೆನಡಾದ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಈ ಕೃತಕ ಈಸ್ಟ್ರೋಜನ್ನನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ನೋಡಿದಾಗ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿಯೇ ಕುಸಿಯಿತೆಂದು 2007ರಲ್ಲಿ ಪ್ರಕಟವಾಯಿತು. ಇದಕ್ಕೆ ಪರಿಹಾರ ನಗರಗಳ ಕೊಳಚೆ ನೀರಿನ ಸರಿಯಾದ ಶುದ್ಧೀಕರಣ. ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ಎಂಡೋಸಲ್ಫಾನನ್ನು ಕೊಕ್ಕಡ, ಪಟ್ರಮೆ ಸುತ್ತಿನ ಗೇರುತೋಟಗಳ ಮೇಲೆ ಆಕಾಶದಿಂದ ಸುರಿದಾಗ ನಾವು ಕೇಳಿದ್ದೇನು? ಡ್ರಮ್ಮಿನಲ್ಲಿ ಏನಿದೆಯೆಂದು ಜನರಿಗೆ ಹೇಳಿದವರು ಯಾರು, ಜನರ ಒಪ್ಪಿಗೆ ಪಡೆದವರು ಯಾರು ಎಂದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸುವವರೆಗೂ ಆ ಪ್ರಶ್ನೆಯನ್ನು ಬಿಡಲಿಲ್ಲ. ಅಲ್ಲಿ ವಿಷವನ್ನು ಒಲ್ಲದವರ ಮೇಲೆ ಸುರಿದರು. ಇಲ್ಲಿ ಔಷಧವನ್ನು ಬೇಕೆಂದವಳೇ ನುಂಗುತ್ತಾಳೆ. ಎರಡನ್ನೂ ಒಂದೇ ಮಾಡುವುದು ಅವಿವೇಕ. ಆದರೆ ತಿಳಿಯುವ ಹಕ್ಕು ಎರಡೂ ಕಡೆ ಒಂದೇ.

ನಮ್ಮ ಬೇಡಿಕೆಗಳು

1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಅಂಥ ನಾಡಿನಲ್ಲಿ ಹೆಣ್ಣೊಬ್ಬಳು ಗುಳಿಗೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ಪ್ರಶ್ನೆ ಕೇಳಬೇಕಾಗಿ ಬಂದದ್ದು ನಾಚಿಕೆಗೇಡು. ಬಳಗವು ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದೆ ಈ ಬೇಡಿಕೆಗಳನ್ನಿಡಬೇಕೆಂದು ಸೂಚಿಸುತ್ತೇನೆ.

1. ಗುಳಿಗೆ ಕೊಡುವ ಮುನ್ನ ಪ್ರತಿಯೊಬ್ಬಳ ರಕ್ತದೊತ್ತಡವನ್ನು ಅಳೆದು, ಹಾಲೂಡಿಸುತ್ತಿದ್ದಾಳೆಯೇ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಾಳೆ ಎಂದು ಕೇಳಿ ಬರೆದಿಡಬೇಕು.

2. ದೊಡ್ಡ ಅಕ್ಷರದ, ಸರಳ ಕನ್ನಡದ ಮಾಹಿತಿ ಚೀಟಿಯನ್ನು ಪ್ರತಿ ಪಟ್ಟಿಯೊಂದಿಗೆ ಕೊಡಬೇಕು. ಓದಲಾರದವರಿಗೆ ಓದಿ ಹೇಳಬೇಕು.

3. ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ ಇರಬೇಕೆಂಬ ಸರ್ಕಾರದ್ದೇ ನಿಯಮ ಕಾಗದದಲ್ಲಿ ಉಳಿಯಬಾರದು. ಛಾಯಾ, ಮಾಲಾ-ಎನ್, ನಿರೋಧ್ ಅಲ್ಲಿ ಸದಾ ಇರಬೇಕು. ವಂಕಿ ಮತ್ತು ಅಂತರಾ ಯಾವ ದಿನ, ಎಲ್ಲಿ ಸಿಗುವುದೆಂದು ಗೋಡೆಯ ಮೇಲೆ ಬರೆಯಬೇಕು.

4. ಮಳೆಗಾಲಕ್ಕೆ ನಾವು ಕಟ್ಟಿಗೆ, ಉಪ್ಪು, ಹಪ್ಪಳ ಕೂಡಿಡುವವರು. ಹಳ್ಳ ತುಂಬಿ ಕಾಲುಸಂಕ ಕೊಚ್ಚಿಹೋದರೆ ಗುಳಿಗೆ ತರುವವರಾರು? ಒಂದು ವರ್ಷದವರೆಗಿನ ಗುಳಿಗೆಯನ್ನು ಒಮ್ಮೆಗೇ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮಗೆ ಮೇ ತಿಂಗಳಲ್ಲಿ ಕನಿಷ್ಠ ಐದು ತಿಂಗಳದ್ದನ್ನು ಕೊಡಲಿ.

5. ಗಂಡಸರ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ನಿಗದಿತ ದಿನ ದೊರೆಯಬೇಕು. ಮೊದಲ ಹೆಸರುಗಳನ್ನು ನಮ್ಮ ಬಳಗದ ಗಂಡಸರೇ ಬರೆಸಲಿ.

ವಿದ್ಯಾರ್ಥಿ ಮಿತ್ರರಿಗೂ ಒಂದು ಕೆಲಸವಿದೆ. ಗುಳಿಗೆ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯನ್ನು ನಿಮ್ಮ ಊರಿನ ನರ್ಸಮ್ಮನ ನೆರವಿನಿಂದ ಕನ್ನಡಕ್ಕೆ ತನ್ನಿ. ಅಂಗನವಾಡಿಯ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಅಂಟಿಸಿ. ಗಂಡಸರೂ ಓದಲಿ.

ಅಂದು ಆ ತಾಯಿಗೆ ನಾನು ಹೇಳಿದ್ದಿಷ್ಟೇ: "ಇವತ್ತೇ ಬಿಡಬೇಡ ತಂಗಿ. ನಾಳೆ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸು. ಸರಿಯಿದ್ದು ನಿನಗೆ ಒಗ್ಗಿದ್ದರೆ ಮುಂದುವರಿಸು. ಬೇಡವೆನಿಸಿದರೆ ಬೇರೆ ದಾರಿ ಹಿಡಿದ ಮೇಲೆ ಇದನ್ನು ಬಿಡು." ಆಕೆ ತಲೆಯಾಡಿಸಿ, "ಇಷ್ಟು ದಿನ ಯಾರೂ ಬಿ.ಪಿ. ನೋಡೇ ಇಲ್ಲ ಅಕ್ಕಾ" ಎಂದಳು. ಎರಡು ವರ್ಷಗಳಿಂದ ಆಕೆ ಗುಳಿಗೆ ನುಂಗುತ್ತಿದ್ದಳು. ಮುಂದಿನ ಸಭೆಯ ವೇದಿಕೆಯಲ್ಲಿ ಈ ಮಾತಿಗೆ ಉತ್ತರ ಹೇಳುವವರು ಬೇಕಾಗಿದ್ದಾರೆ.